‘ಐತೆ’ಯನ್ನು ‘ಇದೆ’ ಮಾಡಿದ ಬಹುಮಾನ ಸಮಿತಿಗೆ

ಪ್ರದೇಶ ಅಧ್ಯಯನ ಬಹುಮಾನ ಸಮಿತಿಯ ಮಾನ್ಯ ಅಧ್ಯಕ್ಷರೇ,

ವಿದ್ಯಾರ್ಥಿಗಳ ಸಂಶೋಧನಾ ಬರಹಕ್ಕೆ ನಿಮ್ಮ ವಿಶ್ವವಿದ್ಯಾಲಯ ಕೊಡುವ ಬಹುಮಾನ ನನ್ನ ಮಗಳು ಕಾವ್ಯಳಿಗೆ ಬರಲಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ಬಹುಮಾನ ಬಾರದವರ ಮನೆಯವರೆಲ್ಲ ಪತ್ರ ಬರೆಯಲು ಕೂತರೆ ನಿಮಗೆ ಸನ್ಮಾನ ಸ್ವೀಕರಿಸಲೂ ಪುರುಸೊತ್ತು ಸಿಗದು. ನನ್ನ ದೂರು ಬೇರೆ. ಅವಳ ಪ್ರಬಂಧವನ್ನು ನೀವೇ ಕೆಡಿಸಿ, ಕೆಟ್ಟಿದೆ ಎಂದು ಅವಳನ್ನೇ ಫೇಲು ಮಾಡಿದಿರಿ.

ನಾನು ರಾಂಪುರದಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಅಂಗಡಿ ಇಟ್ಟವಳು. ‘ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂಬುದು ನನ್ನ ಬೆರಳುಗಳಿಗೆ ಬಾಯಿಪಾಠ. ಶಿಷ್ಟ ಕನ್ನಡದ ಮೇಲೆ ನನಗೆ ದ್ವೇಷವಿಲ್ಲ, ನನಗೆ ಅನ್ನ ಹಾಕಿದ್ದೇ ಅದು. ಕಾವ್ಯಳ ಪ್ರಬಂಧವನ್ನು ಟೈಪ್ ಮಾಡಿದವಳೂ ನಾನೇ. ವಿಷಯ, ನಮ್ಮ ಮೊಳಕಾಲ್ಮುರು ಸೀಮೆಯ ಆಡುಮಾತು. ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ಮಾತುಗಳನ್ನು ಹುಡುಕಿಕೊಂಡು ಅವಳು ಫೋನ್ ಹಿಡಿದು ಊರೂರು ಅಲೆದಿದ್ದಳು. ನಾನು ಟೈಪ್ ಮಾಡಿದ್ದು ಹೀಗೆ: ‘ಇಲ್ಲಿಯ ಜನ "ಇದೆ" ಎನ್ನುವುದಿಲ್ಲ, "ಐತೆ" ಎನ್ನುತ್ತಾರೆ.’ ತೀರ್ಪುಗಾರರ ಕೈ ಸೇರುವ ಮೊದಲು ನಿಮ್ಮ ಭಾಷಾ ಶುದ್ಧಿ ಶಾಖೆಯ ಅಮೃತಹಸ್ತ ತಗುಲಿ ಹೀಗಾಯಿತು: ‘ಇಲ್ಲಿಯ ಜನ "ಇದೆ" ಎನ್ನುವುದಿಲ್ಲ, "ಇದೆ" ಎನ್ನುತ್ತಾರೆ.’ ಇದನ್ನು ಓದಿದ ತೀರ್ಪುಗಾರರು ಕೆಳಗೆ ಷರಾ ಬರೆದರು: ‘ಲೇಖಕಿಯ ವಾದದಲ್ಲಿ ಸ್ಪಷ್ಟತೆ ಇಲ್ಲ.’ ಎಲ್ಲಿಂದ ಬರಬೇಕು ಸ್ವಾಮಿ?

ಫಲಿತಾಂಶದ ಜೊತೆಗೆ ನೀವು ವಾಪಸು ಕಳಿಸಿದ ಆ ತಿದ್ದಿದ ಪ್ರತಿಯನ್ನು ಪೂರ್ತಿ ಓದಿದೆ. ಸಿದ್ದಾಪುರದ ನಿಂಗಕ್ಕ ತನ್ನ ಮೇಕೆಯನ್ನು ಬೈದದ್ದನ್ನು ಕಾವ್ಯ ಇದ್ದ ಹಾಗೇ ಬರೆದುಕೊಂಡಿದ್ದಳು: ‘ಎತ್ತಾಗ್ ಹೋಗ್ತೀಯೇ, ನಿನ್ ಬಾಯಿಗ್ ಮಣ್ಣಾಕ.’ ನಿಮ್ಮವರು ಅದನ್ನು ‘ತಾವು ಎತ್ತ ತೆರಳುತ್ತಿದ್ದೀರಿ? ತಮ್ಮ ಬಾಯಿಗೆ ಮೃತ್ತಿಕೆ ಪ್ರಾಪ್ತವಾಗಲಿ’ ಎಂದು ಮಾಡಿದ್ದಾರೆ. ಪಿಂಚಣಿ ಅರ್ಜಿ ಬರೆಸಲು ಬಂದಿದ್ದ ನಿಂಗಕ್ಕನಿಗೆ ಓದಿ ಹೇಳಿದೆ.

‘ನಾನ್ಯಾವಾಗವ್ವ ಮೇಕೆಗೆ ಹಿಂಗಂದೆ? ಕೇಳ್ದೋರು ಮುದುಕಿಗೆ ತಲೆ ಕೆಟ್ಟೈತೆ ಅಂತಾರೆ’ ಎಂದು ನಕ್ಕಳು. ಆಮೇಲೆ, ‘ನನ್ ಮಾತು ಬುಕ್ಕಿನಾಗೆ ಬರ್ತೈತೆ ಅಂದಿತ್ತಲ್ಲ ನಿನ್ ಮಗಳು’ ಎಂದಳು. ಅವಳ ಅರ್ಜಿಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಸಿದ್ದಾಪುರದ ಹತ್ತಿರ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಅವನ ಪುಣ್ಯ, ಆ ಕಾಲಕ್ಕೆ ನಿಮ್ಮ ಶಾಖೆ ಇರಲಿಲ್ಲ. ಇದ್ದಿದ್ದರೆ ಪ್ರಾಕೃತವನ್ನೆಲ್ಲ ಉಜ್ಜಿ ತೆಗೆದು ಸಂಸ್ಕೃತ ಮಾಡಿ, ‘ಚಕ್ರವರ್ತಿಯ ವಾದದಲ್ಲಿ ಸ್ಪಷ್ಟತೆ ಇಲ್ಲ’ ಎಂದು ಪಾಟಲೀಪುತ್ರಕ್ಕೆ ವಾಪಸು ಕಳಿಸುತ್ತಿದ್ದಿರಿ. ಪ್ರದೇಶದ ಮಾತನ್ನು ಅಳಿಸಿದ ಮೇಲೆ ನಿಮ್ಮ ಪ್ರದೇಶ ಅಧ್ಯಯನದಲ್ಲಿ ಉಳಿಯುವುದೇನು, ಭೂಪಟವೇ?

ಇಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ಕಾವ್ಯ ಬರೆಯುವುದನ್ನೇ ಬಿಟ್ಟಿದ್ದಾಳೆ. ಮುಂದಿನ ಭಾಗಕ್ಕೆ ಚಳ್ಳಕೆರೆ ಕಡೆ ಹೋಗಬೇಕೆಂದಿದ್ದವಳು ಈಗ ಆ ಮಾತನ್ನೇ ಎತ್ತುವುದಿಲ್ಲ. ಸಾಲದ್ದಕ್ಕೆ ನನ್ನನ್ನು ‘ಅಮ್ಮ’ ಎಂದು ಕರೆಯಲು ಶುರು ಮಾಡಿದ್ದಾಳೆ. ಯಾಕೇ ಎಂದು ಕೇಳಿದರೆ, ‘ನಮ್ ಮಾತು ತಪ್ಪಂತೆ, ಅದ್ಕೇ ಸರಿ ಮಾತು ರೂಢಿ ಮಾಡ್ಕಳ್ತಾ ಇದೀನಿ’ ಎನ್ನುತ್ತಾಳೆ. ನನಗೆ ಸಂಕಟವಾಯಿತು ಅಧ್ಯಕ್ಷರೇ. ಅಮ್ಮ ಎಂಬುದು ಕೆಟ್ಟ ಪದವೇನಲ್ಲ. ಆದರೆ ಅವಳು ಹುಟ್ಟಿದಾಗಿನಿಂದ ಅವ್ವನಾಗಿದ್ದ ನಾನು ನಿಮ್ಮ ಕಚೇರಿಯ ಕೆಂಪು ಶಾಯಿಗೆ ಹೆದರಿ ಅಮ್ಮ ಆಗಬೇಕೇ?

ಬಹುಮಾನ ಯಾರಿಗೆ ಕೊಟ್ಟಿದ್ದೀರೋ ಅವರಿಗೇ ಇರಲಿ. ನಾನು ಟೈಪ್ ಮಾಡಿದ ಮೂಲ ಪ್ರತಿಯನ್ನು ತೀರ್ಪುಗಾರರಿಂದ ಇನ್ನೊಮ್ಮೆ ಓದಿಸಿ. ಓದಿದ ಮೇಲೆ ಕಾವ್ಯಳಿಗೆ ನಿಮ್ಮ ಕಚೇರಿಯ ಕಾಗದದಲ್ಲಿ, ಮೊಹರು ಒತ್ತಿ, ಒಂದೇ ಸಾಲು ಬರೆಯಿರಿ: ‘ತಪ್ಪು ನಮ್ದೇ ಐತೆ.’ ದಯವಿಟ್ಟು ಅದನ್ನು ಶುದ್ಧಿ ಶಾಖೆಗೆ ತೋರಿಸದೆ ನೇರ ಅಂಚೆಗೆ ಹಾಕಿ.

ಇಂತಿ,
ಸದ್ಯಕ್ಕೆ ಪ್ರಭಾರ ‘ಅಮ್ಮ’,
ಕಾಯಂ ಹುದ್ದೆಯಲ್ಲಿ ಕಾವ್ಯಳ ಅವ್ವ,
ನಾಗರತ್ನ, ರಾಂಪುರ