ಗಂಗಿ ಕೇಳಿದ ಎರಡು ಮಾತು

ಹೊನ್ನಾವರ,
೧೪ ನವೆಂಬರ್ ೧೯೮೩

ಶ್ರೀಮತಿ ವನಮಾಲಾ ಬಾಯಿಯವರಿಗೆ, ಹರಿಹರ ಹೆಗಡೆ ತಲೆ ತಗ್ಗಿಸಿ ಮಾಡುವ ನಮಸ್ಕಾರ.

ಹೆಸರು ನೋಡಿಯೇ ನೀವು ಲಕೋಟೆ ಬದಿಗಿಟ್ಟರೆ ನಾನೇನೂ ಅನ್ನುವಂತಿಲ್ಲ. ನಿಮ್ಮ ಪುಣೆಯ ವಿಳಾಸ ಸಿಕ್ಕಿ ಹನ್ನೊಂದು ದಿನವಾಯಿತು. ದಿನಾ ಕೂತು, ಇಲ್ಲಿಯ ಸೆಕೆ, ಬಸ್ಸಿನ ಗಲಾಟೆ ಅಂತ ಒಂದು ಪುಟ ಬರೆದು ಹರಿಯುತ್ತಿದ್ದೆ. ಇವತ್ತು ಸೆಕೆಯ ವಿಷಯ ಬಿಟ್ಟಿದ್ದೇನೆ.

ಎಪ್ಪತ್ತೆಂಟನೇ ಇಸವಿ ನಿಮಗೆ ನೆನಪಿದ್ದೇ ಇರುತ್ತದೆ. ಮಾವಳ್ಳಿಯ ಗಂಗಿಯ ಗಂಡ ಶುಕ್ರ ಫ್ರೆಂಚರ ಸರಕಿನ ಹಡಗಿನಲ್ಲಿ ಖಲಾಸಿಯಾಗಿದ್ದ. ಅವನು ತೀರಿಹೋದ ಅಂತ ಬೊಂಬಾಯಿ ಏಜೆಂಟನಿಂದ ಒಂದು ಸಾಲಿನ ತಂತಿ ಬಂತು. ಯಾವಾಗ, ಎಲ್ಲಿ, ಏನೂ ಇಲ್ಲ. ಕಚೇರಿಯಿಂದ ನಿವೃತ್ತನಾದ ಮೇಲೆ ನಾನು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೆನಲ್ಲ, ಗಂಗಿ ನನ್ನ ಜಗಲಿಗೆ ಬಂದಳು. "ಹೆಗಡೇರೇ, ಎರಡೇ ಮಾತು ಕೇಳಿ. ಯಾವ ದಿನ ಹೋದ್ರು? ಮಣ್ಣಿಗೆ ಹಾಕಿದ್ರೋ, ನೀರಿಗೆ ಹಾಕಿದ್ರೋ?" ದಿನ ಗೊತ್ತಿಲ್ಲದೆ ಎಡೆ ಇಡುವಂತಿಲ್ಲ. ಹೆಣ ನೀರಿಗೆ ಹಾಕಿದ್ದರೆ ಇನ್ನು ಮೀನು ಮುಟ್ಟುವುದಿಲ್ಲ ಅಂದಳು. ತಂತಿ ಬಂದ ದಿನವೇ ಮೀನು ಮಾರುವ ಬುಟ್ಟಿ ಬೋರಲು ಹಾಕಿದ್ದಳು. ಅವಳ ಮನೆ ನಡೆಯುತ್ತಿದ್ದದ್ದೇ ಆ ಬುಟ್ಟಿಯಿಂದ.

ಕಂಪನಿಗೆ ಫ್ರೆಂಚಿನಲ್ಲಿ ಬರೆದರೆ ಮಾತ್ರ ಉತ್ತರ ಬಂದೀತು ಅಂತ ಏಜೆಂಟ್ ತಿಳಿಸಿದ್ದ. ಪತ್ರಿಕೆಯಲ್ಲಿ ನಿಮ್ಮ ಪುಟ್ಟ ಜಾಹೀರಾತು ಕಂಡಿತು: ಇಂಗ್ಲಿಷಿನಿಂದ ಫ್ರೆಂಚಿಗೆ ಭಾಷಾಂತರ ಮಾಡಿಕೊಡಲಾಗುವುದು. ಕುಮಟೆಯಲ್ಲಿ ಫ್ರೆಂಚು! ತಂದೆಯ ನೌಕರಿಯಿಂದಾಗಿ ಪಾಂಡಿಚೇರಿಯಲ್ಲಿ ಓದಿದವರು ನೀವು ಅಂತ ಆಮೇಲೆ ತಿಳಿಯಿತು. ಬಸ್ಸು ಹತ್ತಿ ಬಂದೆ. ನೀವು ಚಾ ಕೊಟ್ಟು, "ಆಕೆಯನ್ನೇ ಒಂದ್ಸಲ ಕರಕೊಂಡು ಬನ್ನಿ. ಕನ್ನಡದಲ್ಲೇ ಕೇಳಿ ಬರೀತೇನೆ" ಅಂದಿರಿ. ಎಷ್ಟು ಸರಳವಾದ ಮಾತು! ನನಗೆ ಅವಮಾನವಾದ ಹಾಗಾಯಿತು. ಬೇಡ, ಇಂಗ್ಲಿಷ್ ಪ್ರತಿ ನಾನೇ ತಯಾರು ಮಾಡುತ್ತೇನೆ, ನಾನೂ ಎರಡು ವರ್ಷ ಕಾಲೇಜು ಓದಿದವನು, ಅಂದೆ.

ನನ್ನ ಹೆಂಡತಿ ಮಹಾಲಕ್ಷ್ಮೀ ಬದುಕಿದ್ದಾಗ ನಗುತ್ತಿದ್ದಳು: "ನಿಮ್ಮ ಇಂಗ್ಲಿಷು ಮದುವೆ ಕೋಟು ಇದ್ದಾಂಗೆ. ಪೆಟ್ಟಿಗೇಲಿ ಚಲೋ ಇದ್ದು, ತೊಟ್ರೆ ಗುಂಡಿ ಹಾಕಲೆ ಬತ್ತಿಲ್ಲೆ." ಆ ರಾತ್ರಿ ಪ್ರತಿ ಬರೆಯಲು ಕೂತಾಗ ಗುಂಡಿ ಹಾಕಲು ಬರಲಿಲ್ಲ, ಬಾಯಿ. 'ಐ ಬೆಗ್ ಟು ಸ್ಟೇಟ್' ಬಂತು, 'ಕೈಂಡ್ಲಿ ಡೂ ದ ನೀಡ್‌ಫುಲ್' ಬಂತು. ವಿಧವೆ, ಬಡವಿ, ಪರಿಹಾರ ದಯಪಾಲಿಸಬೇಕು, ಇದೆಲ್ಲ ಎರಡು ಪುಟ ತುಂಬ ಬಂತು. ಮಣ್ಣಿಗೋ ನೀರಿಗೋ ಅಂತ ಕೇಳುವ ವಾಕ್ಯ ಮಾತ್ರ ಕಟ್ಟಲಾಗಲಿಲ್ಲ. ನನಗೆ ಗೊತ್ತಿದ್ದದ್ದು ಅರ್ಜಿಯ ಇಂಗ್ಲಿಷು, ಅದರಲ್ಲಿ ಸತ್ತವನ ದೇಹಕ್ಕೆ ಜಾಗವಿರಲಿಲ್ಲ. ದಿನಾಂಕವನ್ನು ಅವರೇ ತಿಳಿಸುತ್ತಾರೆ ಅಂದುಕೊಂಡೆ. ಎರಡೂ ಮಾತು ಬಿಟ್ಟೆ.

ನೀವು ಓದಿ, ಕನ್ನಡಕ ತೆಗೆದು ಕೇಳಿದಿರಿ: "ಇಷ್ಟೇ ಏನ್ರೀ ಆಕೆ ಕೇಳಿದ್ದು?" "ಇಷ್ಟೇ" ಅಂದೆ. "ಇದ್ದದ್ದನ್ನ ಇದ್ದ ಹಾಗೇ ಮಾಡಿ."

ನೀವು ಹಾಗೇ ಮಾಡಿದಿರಿ. ಕಂಪನಿಯಿಂದ ಬಂದದ್ದು ಸಂತಾಪದ ನಾಲ್ಕು ಸಾಲು, ಪರಿಹಾರದ ಒಂದು ಫಾರಂ. ಗಂಗಿ ಕಾಗದ ತಿರುಗಿಸಿ ತಿರುಗಿಸಿ ನೋಡಿದಳು. "ದಿನ ಎಲ್ಲುಂಟು, ಹೆಗಡೇರೇ?" ಆಗ ನನ್ನ ನಾಲಿಗೆ ಒಂದು ಚಣವೂ ತಡವರಿಸಲಿಲ್ಲ. "ನಾ ಬರ್ದಿದ್ದೆ ಮಾರಾಯ್ತಿ. ಕುಮಟೆ ಬಾಯಿಗೆ ಫ್ರೆಂಚ್ ಸರಿ ಬರೂದಿಲ್ಲ ಕಾಣ್ತದೆ, ಬಿಟ್ಟುಬಿಟ್ಟಿದ್ದಾರೆ."

ಮರುದಿನವೇ ಅವಳು ಕುಮಟೆಗೆ ಬಂದು ನಿಮ್ಮ ಅಂಗಳದಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದಳಂತೆ. ನೀವು ಒಳಗೆ ಹೋಗಿ ಒಂದು ಕಾಗದ ತಂದು, ಸ್ವಲ್ಪ ಹೊತ್ತು ಅದನ್ನೇ ನೋಡಿ, ಮಡಚಿಟ್ಟಿರಂತೆ. ಅದು ನನ್ನ ಇಂಗ್ಲಿಷ್ ಪ್ರತಿ. ನನಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಓದಿ ತಿಳಿಸಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. "ಕೂತ್ಕೋ, ಈಗ ಹೇಳು" ಅಂತಷ್ಟೇ ಅಂದು, ಅವಳ ಬಾಯಿಂದಲೇ ಕೇಳಿ, ಹೊಸದಾಗಿ ಬರೆದು, ಅಂಚೆಗೂ ನೀವೇ ಹಾಕಿದಿರಿ. ಎಂಟು ತಿಂಗಳಿಗೆ ಉತ್ತರ ಬಂತು. ಫೆಬ್ರವರಿ ಹನ್ನೊಂದು. ಆಫ್ರಿಕಾದ ಒಂದು ಬಂದರಿನಲ್ಲಿ ಇಳಿಸಿ ಮಣ್ಣಿಗೆ ಹಾಕಿದ್ದಾರೆ. ಗಂಗಿ ಅತ್ತು, ಮುಖ ತೊಳೆದು, "ಮಣ್ಣಿಗೆ. ಆತು" ಅಂದು ಬುಟ್ಟಿ ಎತ್ತಿದಳು.

ನನ್ನ ಸುಳ್ಳು ಮಾತ್ರ ಅವಳ ಬುಟ್ಟಿಯ ಜೊತೆಗೇ ಮಾವಳ್ಳಿಯಿಂದ ಭಟ್ಕಳದ ಪೇಟೆಯವರೆಗೂ ತಿರುಗಿತು. ಹಡಗಿನವರ ಮನೆಗಳಿಂದ ನಿಮಗೆ ಬರುತ್ತಿದ್ದ ಕೆಲಸ ನಿಂತಿತು. ನೀವು ಟೈಪ್‌ರೈಟರ್ ಮಾರಿ ಪುಣೆಗೆ, ತಮ್ಮನ ಮನೆಗೆ ಹೋದಿರಿ ಅಂತ ಕೇಳಿದ ದಿನವೂ ನಾನು ಊಟ ಮಾಡಿ ಮಲಗಿದೆ.

ಹೋದ ತಿಂಗಳು ಹಡಗಿನವರ ಇನ್ನೊಂದು ಮನೆಯವರು ಫ್ರೆಂಚ್ ಬರೆಯುವವರನ್ನು ವಿಚಾರಿಸುತ್ತ ನನ್ನ ಜಗಲಿಗೆ ಬಂದಿದ್ದರು. ಗಂಗಿಯೂ ಇದ್ದಳು. "ಕುಮಟೆ ಬಾಯಿ ಇದ್ರು. ಒಂದನೇ ಸಲ ತಪ್ಪು ಮಾಡ್ತ್ರು, ಎರಡನೇ ಸಲ ಸರಿ ಮಾಡ್ತ್ರು" ಅಂದಳು. ಎಲ್ಲರೂ ನಕ್ಕರು. ನನಗೆ ಕೂರಲಾಗಲಿಲ್ಲ. ಆ ಎರಡು ಮಾತು ಬಿಟ್ಟದ್ದು ನಾನೇ ಅಂತ ಅವರೆಲ್ಲರ ಎದುರಿಗೇ ಹೇಳಿಬಿಟ್ಟೆ.

ಗಂಗಿ ನನ್ನ ಕಡೆ ತಿರುಗಿದಳು. "ಹಂಗಾರೆ ಎಂಟು ತಿಂಗಳು ನನ್ನ ಬುಟ್ಟಿ ಬೋರಲು ಹಾಕ್ಸಿದ್ದು ನೀವು. ನಂಗೆ ಎಂತಕ್ಕೆ ಹೇಳ್ತ್ರಿ? ಅವ್ರಿಗೆ ಬರೀರಿ. ನಾ ಹೇಳ್ದಂಗೇ ಬರೀರಿ."

ಅವಳು ಹೇಳಿದ್ದು ಇದು: "ಬಾಯಿ, ನಾ ನಿಮ್ಮ ಅಂಗಳದಲ್ಲಿ ನಿಂತು ಬೈದೆ. ನೀವು ಕೂತ್ಕೋ ಅಂದ್ರಿ. ಈ ಫೆಬ್ರವರಿ ಹನ್ನೊಂದಕ್ಕೆ ಎಡೆ ಇಡ್ತೆ, ನೀವು ಬರ್ಬೇಕು. ನೀವು ತಪ್ಪು ಮಾಡ್ಲಿಲ್ಲ ಅಂತ ಪೇಟೆ ಪೇಟೆಯಲ್ಲಿ ನಾನೇ ಹೇಳ್ತೆ."

ಕೊನೆಗೆ ಇನ್ನೊಂದು ಮಾತು ಹೇಳಿದಳು. ಅದನ್ನು ಬಿಡೋಣ ಅಂತ ಪೆನ್ನು ಮುಚ್ಚಿಯೂ ಆಗಿತ್ತು. ಮತ್ತೆ ತೆರೆದಿದ್ದೇನೆ: "ಈ ಹೆಗಡೇರು ಬರ್ದದ್ದು ನಂಬೂಕೆ ಮುಂಚೆ ನನ್ನ ಹತ್ರ ಒಂದ್ಮಾತು ಕೇಳಿ."

ಅವಳನ್ನೇ ಕೇಳಿ, ಬಾಯಿ. ಆಮೇಲೆ ನಂಬಿ. ನೀವು ಇರುವಲ್ಲಿ ನಿಮ್ಮ ಮಾತಿಗೆ ಬೆಲೆ ಇರಲಿ.

ನಿಮ್ಮ ಹೆಸರು ಕೆಡಿಸಿದವನು,
ಹರಿಹರ ಹೆಗಡೆ