ಎಮ್ಮೆಯ ಗಿಣ್ಣ, ಮಗಳ ಹಾಲು

ವಡಗಾವಿ, ೧೯೮೨

ಅವ್ವಾ,

ನೀನು ಓದುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನೆ ನನ್ನ ಮಗಳು ಸುವರ್ಣಾ ಮನೆಯಲ್ಲೇ ಗಂಡುಕೂಸು ಹೆತ್ತಳು. ಇವತ್ತು ಬೆಳಿಗ್ಗೆಯೇ ಬಿಳಿ ಸೀರೆಯ ಹೆಂಗಸೊಬ್ಬಳು ಹಾಲಿನ ಪುಡಿಯ ಡಬ್ಬಿ ಹಿಡಿದು ಬಂದಳು.

"ಪುಕ್ಕಟ ಐತ್ರಿ. ಮೊದಲ ಹಾಲು ಹಳದಿ ಇರ್ತದ, ಕೂಸಿಗೆ ಕುಡಸಬ್ಯಾಡ್ರಿ."

"ಯಾವ ದವಾಖಾನಿ ನರ್ಸಬಾಯಿರಿ ನೀವು?" ಎಂದೆ. ಯಾವುದೋ ಕಂಪನಿಯ ಹೆಸರು ಹೇಳಿದಳು. ನಮ್ಮ ಮನೆಯ ಹೆರಿಗೆ ಕಂಪನಿಗೆ ಹೇಗೆ ತಿಳಿಯಿತು? ಮೂಲೆಯ ಔಷಧ ಅಂಗಡಿಯವನ ಮೇಲೆ ನನಗೆ ಗುಮಾನಿ. ಪುಕ್ಕಟೆ ಡಬ್ಬಿ ಮುಗಿಯುವಷ್ಟರಲ್ಲಿ ತಾಯಿಯ ಎದೆ ಬತ್ತಿರುತ್ತದೆ, ಆಮೇಲೆ ಕೊಳ್ಳದೆ ಗತಿಯಿಲ್ಲ ಎಂದು ಪತ್ರಿಕೆಯಲ್ಲಿ ಓದಿದ್ದೇನೆ. ಡಬ್ಬಿ ಸಮೇತ ಅವಳನ್ನು ಅಟ್ಟಿದೆ.

ಒಳಗೆ ಬಂದು ಕೂಸಿಗೆ ನೆಕ್ಕಿಸಲು ಬೆಲ್ಲದ ನೀರು ಕಲಸತೊಡಗಿದೆ. ಹಳದಿ ಹಾಲನ್ನು ಮೂರು ದಿನ ಹಿಂಡಿ ಚೆಲ್ಲಬೇಕೆಂದು ನೀನೇ ಕಲಿಸಿದ್ದೆಯಲ್ಲ. ಬಾಜೂಮನೆಯ ಶಾಹಜಾನಬಿ ತಮ್ಮ ಎಮ್ಮೆ ಈದಿದ್ದಕ್ಕೆ ಗಿಣ್ಣ ಕಳಿಸಿದ್ದಳು. ಅದರ ಖಾಲಿ ಬಟ್ಟಲು ಇನ್ನೂ ಅಲ್ಲೇ ಇತ್ತು. ಸುವರ್ಣಾ ಅದನ್ನು ತೋರಿಸಿದಳು.

"ಎಮ್ಮೀ ಮೊದಲ ಹಾಲು ಬೆರಳು ಚೀಪಿ ತಿಂತಿ, ನಂದು ಚೆಲ್ಲು ಅಂತಿ. ಆ ಡಬ್ಬಿಯಾಕಿಗೂ ನಿನಗೂ ಏನು ಫರಕ್ ಐತಿ ಯವ್ವಾ?"

ಕೂಸನ್ನು ಎದೆಗಿಟ್ಟುಕೊಂಡಳು. ಅದು ಕಣ್ಣು ಮುಚ್ಚಿ ಚೀಪತೊಡಗಿತು.

ಖಾನಾಪುರದ ನಿನ್ನ ಮನೆಯಲ್ಲಿ ನನ್ನ ಮೊದಲ ಕೂಸಿಗೆ ನೀನೂ ಬೆಲ್ಲದ ನೀರನ್ನೇ ನೆಕ್ಕಿಸಿದ್ದೆ. ತಿಂಗಳು ತುಂಬುವ ಮೊದಲೇ ಖಾಲಿ ತೊಟ್ಟಿಲನ್ನು ಅಟ್ಟಕ್ಕೇರಿಸಿದೆವು. ಆಗ ನಾನು ಯಾರನ್ನೂ ಏನೂ ಕೇಳಲಿಲ್ಲ. ನನ್ನ ಹಾಲನ್ನು ನೀನು ಸುರಿದ ಹಿತ್ತಲಿನ ಕರಿಬೇವು ಆ ವರ್ಷ ಎಷ್ಟು ಸೊಂಪಾಗಿ ಚಿಗುರಿತ್ತು, ನೆನಪಿದೆಯೇ ಅವ್ವಾ?