ಹಿಮದ ಪಾಳಿ

೧೪ ನವೆಂಬರ್ ೨೦೨೩, ಮಂಗಳವಾರ, ಶಹಾಪುರ

ಚಿಕ್ಕವನಿದ್ದಾಗ ಶಾಲೆಯಲ್ಲಿ ಪ್ರವಾಸ ಎಂದರು. ನಮ್ಮ ಕೇರಿಯ ಮಕ್ಕಳನ್ನು ಬಿಟ್ಟು ಬಸ್ಸು ಹೊರಟಿತು. ಕಾಲುವೆಯ ಕೊನೆಯ ಹೊಲಕ್ಕೂ ನೀರು ಎಂದರು. ವರ್ಷಗಟ್ಟಲೆ ಧರಣಿ ಕೂತ ಮೇಲೆ ಬಂತು. ಈಗ ಯಾರ ಅಪ್ಪಣೆಯೂ ಬೇಡ. ಜನವರಿಯಲ್ಲಿ ಅದೇ ಧರಣಿಯ ಹತ್ತು ಜನ ಮನಾಲಿಯ ಹಿಮಕ್ಕೆ ಹೊರಟಿದ್ದೇವೆ! ಐದು ದಿನ, ಸೋಲಂಗ್, ಗುಲಾಬಾ, ಹಮ್ತಾ ಮೂರೂ ಕಡೆ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಜಾರುವುದೇ ಜಾರುವುದು.

ಇವತ್ತಿನ ಸಭೆಯಲ್ಲಿ ಎಡವಿದವನು ನಾನೇ. ಸ್ಕೀ ಐದೇ ಜೊತೆ ಸಿಗುತ್ತವೆ ಎಂದು ಪಾಳಿಯ ಪಟ್ಟಿ ಬರೆದೆ: ಹರೆಯದವರು ಮೊದಲು, ಐವತ್ತು ದಾಟಿದ ಲಾಲಮ್ಮ ಕೊನೆಗೆ, ಅದೂ ಹೊತ್ತು ಉಳಿದರೆ. ಲಾಲಮ್ಮ ಎದ್ದು ನಿಂತಳು.

"ಮ್ಯಾಲಿನ ಹೊಲದವ್ರು ಕುಡುದು ಉಳದ್ರ ನಮಗ ನೀರು ಬಿಡ್ತಿದ್ರು. ಹಿಮದಾಗೂ ಅದಾ ಪಾಳಿ ಏನೋ, ಲೀಡರ?"

ಇಸ್ಮಾಯಿಲಸಾಬ ನಕ್ಕ: "ಬಿದ್ದು ಸೊಂಟ ಮುರಕೊಂಡ್ರ, ಅಕ್ಕಾ?"

"ಮುರದ್ರ ನೀ ಹೊತ್ಕೊಂಡ್ ಬಾ. ಧರಣ್ಯಾಗ ಲಾಠಿ ಬಿದ್ದಾಗ ನಿನ್ನ ಹೊತ್ತಾಕಿ ಯಾರಲೇ?"

"ಕೊನೆಯ ಹೊಲಕ್ಕೆ ಮೊದಲ ನೀರು" ಎಂದು ಊರೆಲ್ಲ ಗೋಡೆಗೆ ಬರೆದ ನನ್ನ ಕೈಯೇ ಈ ಪಟ್ಟಿಯನ್ನೂ ಬರೆದಿತ್ತು. ಅಲ್ಲೇ ಪಟ್ಟಿಯನ್ನು ತಲೆಕೆಳಗು ಮಾಡಿ ಬರೆದೆ; ಹತ್ತೂ ಕೈ ಮೇಲೆದ್ದವು. ಲಾಲಮ್ಮನ ಮುಖ ಇನ್ನೂ ಕಣ್ಣ ಮುಂದಿದೆ, ನಿದ್ದೆ ಹತ್ತುತ್ತಿಲ್ಲ.

ಮುಂದಿನ ಸಭೆ ಭೀಮರಾಯನಗುಡಿಯ ಕಾಲುವೆ ಏರಿಯ ಮೇಲೆ. ಇಳಿಜಾರಿನಲ್ಲಿ ಜಾರುವ ಅಭ್ಯಾಸ, ಮೊದಲು ಲಾಲಮ್ಮ. ಭಾನುವಾರ, ಬೆಳಿಗ್ಗೆ ಆರು ಗಂಟೆಗೆ.